ಪಕ್ಕೆಲುಬಿನ ಸಂದಿಯಲ್ಲಿ ಕಾಣದ ಅಪಧಮನಿ

ಆ ಮಂಗಳವಾರದ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಎಂಟು ಜನ ಗರ್ಭಿಣಿಯರು, ಮೂವರಿಗೆ ಕಿಡ್ನಿ ಕಲ್ಲು, ಇಬ್ಬರಿಗೆ ಅಪೆಂಡಿಕ್ಸ್ ಅನುಮಾನ, ಒಬ್ಬರಿಗೆ ಲಿವರ್ ಕಸಿಯ ಡಾಪ್ಲರ್. ದಿನದ ಕೆಲಸವನ್ನು ಹೀಗೆ ವಿಂಗಡಿಸಿ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಹುಣಸೂರಿನ ನಮ್ಮ ಸ್ಕ್ಯಾನಿಂಗ್ ಕೇಂದ್ರಕ್ಕೆ ಮೊದಲ ಮೂರು ಗುಂಪಿನವರು ದಿನವೂ ಬರುತ್ತಾರೆ. ನಾಲ್ಕನೆಯದರಲ್ಲಿ ಇದ್ದದ್ದು ಒಬ್ಬರೇ, ಅವರು ಬಂದದ್ದು ಅದು ಎರಡನೆಯ ಸಲ.

ಅವರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯವರು, ಹೊಗೆಸೊಪ್ಪು ಬೆಳೆಯುವ ರೈತ. ನಲವತ್ತು ದಾಟಿರಲಿಲ್ಲ. ಹೆಪಟೈಟಿಸ್ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಲಿವರನ್ನು ಹಾಳುಮಾಡಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ನಡೆದು, ಅವರ ಅಕ್ಕನ ಲಿವರಿನ ಬಲಭಾಗವನ್ನು ತೆಗೆದು ಅವರಿಗೆ ಜೋಡಿಸಿದ್ದರು. ಊರಿಗೆ ಮರಳಿದ ಮೇಲೆ ವಾರಕ್ಕೊಮ್ಮೆ ರಕ್ತಪರೀಕ್ಷೆ, ವಾರಕ್ಕೊಮ್ಮೆ ಡಾಪ್ಲರ್. ಪ್ರತಿ ಸಲ ಬೆಂಗಳೂರಿಗೆ ಹೋಗುವ ಬದಲು ಹುಣಸೂರಿನಲ್ಲೇ ಮಾಡಿಸಿ ಎಂದು ಕಸಿ ತಂಡದ ವೈದ್ಯೆ ಒಪ್ಪಿದ್ದರು. ನಾನು ಕಲಿತದ್ದು ಅವರ ಬಳಿಯೇ. ನನ್ನ ಕಣ್ಣಿನ ಮೇಲೆ ಅವರಿಗೆ ನಂಬಿಕೆಯಿತ್ತು. ಆ ನಂಬಿಕೆ ಆ ದಿನ ನನಗೆ ಭಾರವಾಯಿತು.

ಡಾಪ್ಲರ್ ಎಂದರೆ ಅದೇ ಅಲ್ಟ್ರಾಸೌಂಡ್ ಯಂತ್ರ, ಅದೇ ಜೆಲ್, ಅದೇ ಕಪ್ಪು-ಬಿಳುಪು ಚಿತ್ರ. ಅದರ ಮೇಲೆ ಹರಿಯುವ ರಕ್ತಕ್ಕೆ ಮಾತ್ರ ಬಣ್ಣ ಬರುತ್ತದೆ, ಹರಿವಿನ ಸದ್ದು ಕೇಳುತ್ತದೆ, ಅದರ ವೇಗ ಪರದೆಯ ಕೆಳಭಾಗದಲ್ಲಿ ಅಲೆಯಾಗಿ ಮೂಡುತ್ತದೆ. ಲಿವರಿಗೆ ರಕ್ತ ತರುವ ನಾಳಗಳು ಎರಡು. ಒಂದು ಪೋರ್ಟಲ್ ನಾಳ, ಹೆಬ್ಬೆರಳಿನ ಗಾತ್ರದ್ದು, ಕರುಳಿನಿಂದ ಬರುವುದು. ಹೆಚ್ಚಿನ ರಕ್ತ ಅದರದೇ. ಇನ್ನೊಂದು ಅಪಧಮನಿ, ಬೆಂಕಿಕಡ್ಡಿಗಿಂತ ತುಸು ದಪ್ಪ. ಕಸಿಯಾದ ಲಿವರಿನಲ್ಲಿ ಪಿತ್ತನಾಳಗಳು ಬದುಕುವುದು ಈ ಸಣ್ಣ ಅಪಧಮನಿಯ ರಕ್ತದಿಂದ ಮಾತ್ರ. ಅದು ಹೆಪ್ಪುಗಟ್ಟಿ ಮುಚ್ಚಿಹೋದರೂ ರೋಗಿ ಒಂದೆರಡು ದಿನ ಚೆನ್ನಾಗಿಯೇ ಕಾಣಬಹುದು. ಮಾತಾಡುತ್ತಾನೆ, ನಡೆಯುತ್ತಾನೆ. ಒಳಗೆ ಪಿತ್ತನಾಳಗಳು ಸಾಯುತ್ತಿರುತ್ತವೆ. ಹೊರಗೆ ತಿಳಿಯುವ ಹೊತ್ತಿಗೆ ಕೊಟ್ಟ ಲಿವರು ಕೈತಪ್ಪಿರುತ್ತದೆ. ಅದಕ್ಕಾಗಿಯೇ ವಾರವಾರವೂ ನೋಡುವುದು.

ಹಿಂದಿನ ಮಂಗಳವಾರ ಎಲ್ಲವೂ ಸರಿಯಿತ್ತು. ಅಪಧಮನಿ ಸಲೀಸಾಗಿ ಸಿಕ್ಕಿತ್ತು. ಅಲೆ ನೆಟ್ಟಗೆ ಮೇಲೇರಿ, ನಿಧಾನಕ್ಕೆ ಇಳಿದು, ತಳ ಮುಟ್ಟುವ ಮೊದಲೇ ಮತ್ತೆ ಏರುತ್ತಿತ್ತು. ಅದು ಇರಬೇಕಾದ ಆಕಾರ.

ಈ ಸಲ ಅವರನ್ನು ಎಡಮಗ್ಗುಲಿಗೆ ತಿರುಗಿಸಿ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿಸಿ, ಪಕ್ಕೆಲುಬುಗಳ ಸಂದಿಗೆ ಪ್ರೋಬ್ ಇಟ್ಟೆ. ಹೊಟ್ಟೆಯ ಸುತ್ತ ಬಟ್ಟೆಯ ಮಡಿಕೆಗಳ ಗುರುತು ಆಳವಾಗಿ ಮೂಡಿತ್ತು. ಆಸ್ಪತ್ರೆಯಲ್ಲಿ ಕೊಡುವ ಬೆಲ್ಟಿನದು ಎಂದುಕೊಂಡು ಮುಂದೆ ಹೋದೆ.

"ಉಸ್ರು ಎಳ್ಕೊಳ್ಳಿ. ಹಿಡ್ಕೊಳ್ಳಿ."

ಪೋರ್ಟಲ್ ನಾಳ ಬಂತು. ಬಣ್ಣ ತುಂಬಿತ್ತು, ಆದರೆ ಮಂದ. ಅದರ ಅಂಚಿನಲ್ಲೇ ಅಪಧಮನಿಯ ಕೆಂಪು ಮಿನುಗಬೇಕು. ಮಿನುಗಲಿಲ್ಲ. ವೇಗದ ಅಳತೆಪಟ್ಟಿಯನ್ನು ತಗ್ಗಿಸಿದೆ, ನಿಧಾನದ ಹರಿವೂ ಕಾಣಲಿ ಎಂದು. ಸೋಸುವ ಫಿಲ್ಟರ್ ಕಡಿಮೆ ಮಾಡಿದೆ. ಬಣ್ಣದ ಗೇನ್, ಅಂದರೆ ತೀವ್ರತೆಯನ್ನು, ಏರಿಸಿದೆ, ಪರದೆಯ ತುಂಬ ಚುಕ್ಕೆಗಳು ಎದ್ದಾಗ ಒಂದು ಹೆಜ್ಜೆ ಇಳಿಸಿದೆ. ಇನ್ನೊಂದು ಪಕ್ಕೆಲುಬಿನ ಸಂದಿ. ಮತ್ತೆ ಮೇಲಿನದು. ಉಸಿರು ಹಿಡಿಸಿ, ಬಿಡಿಸಿ, ಅರ್ಧಕ್ಕೆ ನಿಲ್ಲಿಸಿ ನೋಡಿದೆ. ಅಪಧಮನಿ ಇರಬೇಕಾದ ಜಾಗದಲ್ಲಿ, ಹರಿವಿನ ಸದ್ದು ಹಿಡಿಯುವ ಗುರುತನ್ನು ಕುರುಡಾಗಿ ಇಟ್ಟು ಕಿವಿಗೊಟ್ಟೆ. ಯಂತ್ರದ ಸ್ವಂತ ಮೊರೆತ ಬಿಟ್ಟರೆ ಏನೂ ಇಲ್ಲ.

ನಮ್ಮ ಸ್ಕ್ಯಾನ್ ಕೊಠಡಿಗೆ ಕಿಟಕಿಯಿಲ್ಲ. ಇದ್ದ ಒಂದನ್ನು ಪ್ಲೈವುಡ್ ಬಡಿದು ಮುಚ್ಚಿದ್ದಾರೆ. ದೀಪ ಆರಿಸಿದರೆ ಪರದೆಯ ಬೆಳಕು ಮಾತ್ರ. ಮಂಚಕ್ಕೂ ಗೋಡೆಗೂ ನಡುವೆ ನನ್ನ ಕುರ್ಚಿ ಒಮ್ಮೆ ಹೊಕ್ಕರೆ ರೋಗಿ ಎದ್ದ ಮೇಲೆಯೇ ನಾನು ಎದ್ದೇನು. ದಿನವೂ ಕೂರುವ ಜಾಗ ಅದು. ಆ ದಿನ ಮೊದಲ ಸಲ ಅಲ್ಲಿ ಗಾಳಿ ಸಾಲದು ಅನ್ನಿಸಿತು. ಬೆನ್ನು ಗೋಡೆಗೆ ತಾಗಿತ್ತು. ಹೊರಗೆ ಬೆಂಚಿನ ಮೇಲೆ ಆ ಲಿವರನ್ನು ಕೊಟ್ಟ ಅಕ್ಕ ಕೂತಿದ್ದರು.

"ಏನಾರ ಸಿಕ್ತಾ ಮೇಡಮ್ಮೋರೆ?" ರೋಗಿ ಆಚೆ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ನೋಡ್ತಾ ಇದೀನಿ. ಇನ್ನೊಂದ್ಸಲ ಉಸ್ರು ಹಿಡೀರಿ."

"ಇಡ್ದೂ ಇಡ್ದೂ ಸಾಕಾಯ್ತು. ಆಪ್ರೇಸನ್ನೇ ಸಲೀಸಾಗಿತ್ತು ಕಣ್ರೀ, ಅದ್ರಲ್ಲಿ ಪ್ರಗ್ನೆನೇ ಇರ್ನಿಲ್ಲ."

ನಗಲು ನನಗೆ ಆಗಲಿಲ್ಲ.

ಕಾಣಲಿಲ್ಲ ಎಂದ ಮಾತ್ರಕ್ಕೆ ಮುಚ್ಚಿದೆ ಎಂದಲ್ಲ. ಕರುಳಿನ ಗಾಳಿ ಅಡ್ಡ ಬರಬಹುದು. ಹರಿವು ಬಹಳ ನಿಧಾನವಾದರೆ ಯಂತ್ರಕ್ಕೆ ನಿಲುಕದೇ ಹೋಗಬಹುದು. ಅಥವಾ ನಿಜಕ್ಕೂ ಮುಚ್ಚಿರಬಹುದು. ಮೂರರಲ್ಲಿ ಯಾವುದೆಂದು ಹೇಳುವುದು ನನ್ನ ಕೆಲಸ. ರೋಗಿಯನ್ನು ಎಬ್ಬಿಸಿ ಕೂರಿಸಿ, ಕೊಠಡಿಯಿಂದ ಹೊರಬಂದು ಕೇಂದ್ರದ ಹಿರಿಯ ವೈದ್ಯರಿಗೆ ಫೋನ್ ಮಾಡಿದೆ. ಮಂಗಳವಾರಗಳಂದು ಅವರು ಕೆ.ಆರ್. ನಗರದ ಶಾಖೆಯಲ್ಲಿರುತ್ತಾರೆ.

"ಗ್ಯಾಸ್ ಅಡ್ಡ ಇದೆ, ಪೂರ್ತಿ ಕಾಣಲಿಲ್ಲ, ಸಿ.ಟಿ. ಮಾಡಿಸಿ ಅಂತ ಬರೆದುಬಿಡಮ್ಮ. ಸುಳ್ಳೇನಲ್ಲ ಅದು."

"ಗ್ಯಾಸ್ ಇಲ್ಲ ಸರ್. ಪೋರ್ಟಲ್ ನಾಳ ಉದ್ದಕ್ಕೂ ಕಾಣ್ತಿದೆ."

"ಹಾಗಾದ್ರೆ ಮುಚ್ಚಿದೆ ಅಂತ ಬರೀತೀಯಾ? ಹೊಟ್ಟೆ ಮತ್ತೆ ತೆರೀತಾರೆ ಅವರು. ಯೋಚನೆ ಮಾಡು."

ಎರಡೂ ಕಡೆ ಬಾಗಿಲು ಹಾಕಿದಂತಾಯಿತು. ಮೊದಲನೆಯದನ್ನು ಬರೆದರೆ ಅದು ಯಾರಿಗೂ ಅವಸರವಿಲ್ಲದ ಕಾಗದ. ಮೈಸೂರಿನಲ್ಲಿ ಸಿ.ಟಿ.ಗೆ ನಾಳೆಯೋ ನಾಡಿದ್ದೋ ದಿನ ಸಿಗುತ್ತದೆ. ಎರಡನೆಯದನ್ನು ಬರೆದರೆ ನಾನು ನೋಡದ್ದನ್ನು ನೋಡಿದೆ ಎಂದಂತೆ.

ಮತ್ತೆ ಒಳಗೆ ಹೋಗಿ ರೋಗಿಯನ್ನು ಮಲಗಿಸಿದೆ. ಅಪಧಮನಿಯನ್ನು ಹುಡುಕುವುದನ್ನು ಬಿಟ್ಟು, ಕಲಿಯುವಾಗ ಹೇಳಿಕೊಟ್ಟ ಹಾಗೆ ಉಳಿದದ್ದನ್ನೆಲ್ಲ ಕ್ರಮವಾಗಿ ನೋಡತೊಡಗಿದೆ. ಪಿತ್ತನಾಳ, ಲಿವರಿನಿಂದ ಹೊರಹೋಗುವ ನಾಳಗಳು, ಸುತ್ತ ನೀರು ನಿಂತಿದೆಯೇ ಎಂದು. ಕೊನೆಗೆ, ಮೈಯ ಕೆಳಭಾಗದ ರಕ್ತವನ್ನೆಲ್ಲ ಹೃದಯಕ್ಕೆ ಒಯ್ಯುವ ದೊಡ್ಡ ನಾಳ. ಲಿವರಿನ ಹಿಂದೆಯೇ ಹಾದುಹೋಗುವ ಅದು ಕೊಳವೆಯಂತೆ ತುಂಬಿರಬೇಕು. ಇವರಲ್ಲಿ ಅದು ಚಪ್ಪಟೆಯಾಗಿತ್ತು. ಒಂದೊಂದು ಉಸಿರಿಗೂ ಅದರ ಎರಡು ಗೋಡೆಗಳು ಒಂದನ್ನೊಂದು ಮುಟ್ಟುತ್ತಿದ್ದವು.

ಮೈಯಲ್ಲಿ ನೀರೇ ಇರಲಿಲ್ಲ.

ನಾಡಿ ಹಿಡಿದೆ. ಓಡುತ್ತಿತ್ತು. ದೀಪ ಹಾಕಿ ನಾಲಿಗೆ ನೋಡಿದೆ. ಒಣಗಿದ ಎಲೆಯ ಹಾಗಿತ್ತು.

"ನೀರು ಯಾವಾಗ ಕುಡಿದ್ರಿ?"

ಅವರು ಬಾಗಿಲ ಕಡೆ ನೋಡಿದರು. "ಖಾಲಿ ಒಟ್ಟೇಲಿ ಬನ್ನಿ ಅಂದಿದ್ರಲ್ಲ."

"ನೀರು ಕುಡೀಬಹುದು ಅಂತಾನೂ ಹೇಳಿದ್ದೆ. ನಿನ್ನೆ ಎಷ್ಟು ಕುಡಿದ್ರಿ?"

ಉತ್ತರ ಬಾಗಿಲ ಕಡೆಯಿಂದ ಬಂತು. ಅಕ್ಕ ಒಳಗೆ ಬಂದಿದ್ದರು. ಅದು ಬಿಸಿಲೇರುತ್ತಿದ್ದ ಹೊತ್ತು. ಅವರ ಎರಡೂ ಕಿವಿ ಮುಚ್ಚುವಂತೆ ತಲೆಗೆ ಸ್ಕಾರ್ಫ್ ಬಿಗಿದಿತ್ತು, ಕಾಲಿಗೆ ಕಾಲುಚೀಲವಿತ್ತು. ಆಗ ನನಗೆ ಹೊಳೆಯಬೇಕಿತ್ತು. ನಾನೂ ಇದೇ ಸೀಮೆಯವಳು, ಇಂಥ ಸ್ಕಾರ್ಫುಗಳನ್ನು ನಮ್ಮ ಮನೆಯಲ್ಲೂ ಕಂಡವಳು.

"ನಾ ಯೋಳ್ತೀನಿ ಬುಡಿ ಮೇಡಮ್ಮೋರೆ. ನಮ್ಮಿಬ್ರುನ್ನೂವೆ ಬಾಣ್ತಿ ಮಾಡಿ ಕೂರ್ಸವ್ಳೆ ನಮ್ಮವ್ವ."

ತಾಯಿ ಅವರ ಹಿಂದೆಯೇ ಇದ್ದರು. ಬಡಕಲು ಮೈ, ಹೊಗೆಸೊಪ್ಪಿನ ಘಾಟು ಹತ್ತಿದ ಸೀರೆ. ತಪ್ಪಿತಸ್ಥೆಯಂತೆ ನಿಲ್ಲಲಿಲ್ಲ ಅವರು.

"ಒಟ್ಟೆ ಕುಯ್ಸ್ಕೊಂಡು ಬಂದವ್ರು ಅಂದ್ಮೇಲೆ ಬಾಣ್ತೀರೇ ತಾನೆ? ಇವ್ಳ ಎಲ್ಡು ಬಾಣ್ತನ ಮಾಡಿವ್ನಿ, ಒಂದ್ ತಲೆನೋವು ಬಂದಿಲ್ಲ ಇವ್ಳಿಗೆ. ತಣ್ಣೀರ್ ಕುಡುದ್ರೆ ನಂಜಾಯ್ತದೆ. ಬಿಗಿಯಾಗಿ ಕಟ್ದಿದ್ರೆ ಒಟ್ಟೆ ಬಿದ್ದೋಯ್ತದೆ."

"ಬೆಂಗಳೂರಲ್ಲಿ ನೀರು ಚೆನ್ನಾಗಿ ಕುಡಿಸಿ ಅಂತ ಹೇಳಿರ್ಲಿಲ್ವಾ ಅಮ್ಮ?"

"ಆಪ್ರೇಸನ್‌ಗೆ ಮೊದ್ಲು ನೀರ್ ಕಮ್ಮಿ ಕೊಡಿ, ಒಟ್ಟೇಲಿ ನೀರ್ ತುಂಬ್ಕತದೆ ಅಂದೋರೂ ಅವ್ರೇಯ. ಆಮೇಕೆ ಕೊಡಿ ಅಂದೋರೂ ಅವ್ರೇಯ. ನಾ ಯಾವ್ದ ಕೇಳ್ಲಿ?"

ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಹೊಟ್ಟೆಯಲ್ಲಿ ನೀರು ತುಂಬಿತ್ತು, ಆಗ ನೀರು ಕಡಿಮೆ ಮಾಡಿ ಎಂದದ್ದೂ ನಿಜ. ಆಸ್ಪತ್ರೆಯ ಬೆಲ್ಟು ಸಡಿಲ ಅನ್ನಿಸಿ ತಾಯಿ ಅದರ ಮೇಲೆ ಹಳೆಯ ವಾಯಿಲ್ ಸೀರೆಯನ್ನು ಸುತ್ತಿ ಸುತ್ತಿ ಬಿಗಿದಿದ್ದರು. ನಾನು ನೋಡಿದ್ದು ಆ ಮಡಿಕೆಗಳ ಗುರುತನ್ನು. ಉಳಿದದ್ದನ್ನು ಅಕ್ಕ ಹೇಳಿದರು. ಮಗನಿಗೂ ಮಗಳಿಗೂ ಒಂದೇ ಕೋಣೆ. ಗಾಳಿ ಆಡಬಾರದೆಂದು ಕಿಟಕಿಗೆ ಕಂಬಳಿ. ಊಟಕ್ಕೆ ಬೆಳ್ಳುಳ್ಳಿ, ಮೆಣಸಿನ ಸಾರು, ಬಿಸಿ ಅನ್ನ. ಊಟವಾದ ಮೇಲೆ ಒಂದು ಸಣ್ಣ ಲೋಟ ಬಿಸಿನೀರು. ಬಾಯಾರಿದರೆ ತುಟಿ ಒದ್ದೆ ಮಾಡಿಕೊಳ್ಳಬೇಕು.

"ನೀವಾದ್ರೂ ಕೇಳಿ ಕುಡೀಬಾರ್ದಿತ್ತಾ?" ಎಂದೆ ರೋಗಿಗೆ.

"ಕೇಳುದ್ರೆ ಅಳಕ್ಕೆ ಕೂತ್ಕತಳೆ ಮೇಡಮ್ಮೋರೆ. ಅಕ್ಕ ಸುಮ್ಕೆ ಅವ್ಳೆ, ನಾ ಎಂಗೆ ಕೇಳ್ಲಿ? ತೊಟ್ಲು ಒಂದ್ ತರದು ಬಾಕಿ ಅದೆ ಅಷ್ಟೇಯ."

ಅಕ್ಕ ನಕ್ಕರು. ನಕ್ಕಿದ್ದಕ್ಕೆ ಗಾಯ ನೋವಾಗಿ ಹೊಟ್ಟೆ ಹಿಡಿದುಕೊಂಡರು.

ಕಾರಣ ಸಿಕ್ಕಿತೆಂದು ನಾನು ಹಗುರಾಗಲಿಲ್ಲ, ಇನ್ನಷ್ಟು ಸಿಕ್ಕಿಕೊಂಡೆ. ಮೈಯಲ್ಲಿ ನೀರು ಕಡಿಮೆಯಾದರೆ ಹರಿವು ಕುಗ್ಗಿ ಅಪಧಮನಿ ಕಾಣದೇ ಹೋಗಬಹುದು. ನೀರು ತುಂಬಿದರೆ ಮತ್ತೆ ಕಾಣುತ್ತದೆ, ಯಾರ ಹೊಟ್ಟೆಯನ್ನೂ ತೆರೆಯಬೇಕಿಲ್ಲ. ಆದರೆ ಅದೇ ನೀರಿನ ಕೊರತೆಯಿಂದ ರಕ್ತ ಗಟ್ಟಿಯಾಗಿ ಅಪಧಮನಿ ನಿಜಕ್ಕೂ ಹೆಪ್ಪುಗಟ್ಟಿರಬಹುದು. ಹಾಗಿದ್ದರೆ ನೀರು ಕೊಟ್ಟು ಕಾಯುವ ಒಂದೊಂದು ಗಂಟೆಯೂ ನಷ್ಟ. ಹಾಗೆಂದು ಈಗಲೇ ಓಡಿಸಿ ಸಿ.ಟಿ. ಮಾಡಿಸಿದರೆ, ಅದಕ್ಕಾಗಿ ಚುಚ್ಚುವ ಔಷಧಿ ಒಣಗಿದ ಕಿಡ್ನಿಗೆ ಪೆಟ್ಟು.

ಕಸಿ ತಂಡದ ವೈದ್ಯೆಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ.

"ನಿನ್ನೆ ಬ್ಲಡ್ ರಿಪೋರ್ಟಲ್ಲಿ ಕಿಡ್ನಿ ಅಂಕಿ ಸ್ವಲ್ಪ ಏರಿತ್ತು. ಮಾತ್ರೆಯಿಂದ ಇರಬಹುದು ಅಂದುಕೊಂಡಿದ್ವಿ," ಎಂದರು. "ನೀನು ಏನು ಬರೀತೀಯಾ?"

"ಅಪಧಮನಿಯಲ್ಲಿ ಹರಿವು ಕಾಣುತ್ತಿಲ್ಲ. ಗ್ಯಾಸ್ ಅಡ್ಡ ಇಲ್ಲ. ಮೈಯಲ್ಲಿ ನೀರು ಕಡಿಮೆ. ಮುಚ್ಚಿದೆ ಅಂತಲೂ ಇಲ್ಲ ಅಂತಲೂ ಹೇಳಲಾರೆ. ಇಷ್ಟೇ."

"ಸರಿ. ಹಾಗಾದ್ರೆ ಎರಡನ್ನೂ ಒಟ್ಟಿಗೇ ಮಾಡೋಣ. ಡ್ರಿಪ್ ಶುರುಮಾಡಿಸು. ಇಲ್ಲಿಗೆ ಕಳಿಸೋಕೆ ಆಂಬುಲೆನ್ಸ್ ಹೇಳು. ಅದು ಬರೋದ್ರೊಳಗೆ ಇನ್ನೊಮ್ಮೆ ನೋಡು."

ನಮ್ಮ ಕಟ್ಟಡದ ಮೇಲಿನ ಮಹಡಿ ನರ್ಸಿಂಗ್ ಹೋಮ್. ರೋಗಿಯ ಹೊಟ್ಟೆಗೆ ಮತ್ತೆ ಏನೂ ಕಟ್ಟದಂತೆ ಹೇಳಿ, ಅಲ್ಲಿಗೆ ಸೇರಿಸಿ, ವೈದ್ಯೆ ಹೇಳಿದ ಪ್ರಮಾಣದಲ್ಲಿ ಡ್ರಿಪ್ ಹಾಕಿಸಿದೆವು. ಬೇಕಾದ ಸೌಲಭ್ಯವಿದ್ದ ಆಂಬುಲೆನ್ಸು ಮೈಸೂರಿನಿಂದ ಬರಬೇಕಿತ್ತು. ನಾನು ಕೆಳಗಿಳಿದು ಗರ್ಭಿಣಿಯರನ್ನು ನೋಡಿದೆ. ಎಲ್ಲರ ಹೊಟ್ಟೆಯಲ್ಲೂ ಹೃದಯಗಳು ಹೊಡೆದುಕೊಳ್ಳುತ್ತಿದ್ದವು. ನನ್ನ ಕಿವಿ ಮಾತ್ರ ಮೇಲಿನ ಮಹಡಿಯಲ್ಲಿತ್ತು.

ಮತ್ತೆ ಸ್ಕ್ಯಾನ್ ಮಾಡುವ ಹೊತ್ತಿಗೆ ಇನ್ನೊಂದು ಅಡಚಣೆ. ಯಂತ್ರವನ್ನು ಮೇಲಕ್ಕೆ ಒಯ್ಯುವ ಹಾಗಿಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯ್ದೆಯಡಿ ನಮ್ಮ ಯಂತ್ರ ಆ ಕೊಠಡಿಗೇ ನೋಂದಣಿಯಾಗಿದೆ, ಹೊಸ್ತಿಲು ದಾಟಿದರೆ ಅಪರಾಧ. ಲಿಫ್ಟ್ ಇಲ್ಲ. ನರ್ಸ್ ಡ್ರಿಪ್ ಬಾಟಲಿಯನ್ನು ಎತ್ತಿ ಹಿಡಿದು, ವಾರ್ಡಿನ ಇಬ್ಬರು ಸಹಾಯಕರು ರೋಗಿಯನ್ನು ಕುರ್ಚಿಯ ಸಮೇತ ಮೆಟ್ಟಿಲಲ್ಲಿ ಇಳಿಸಿದರು. ತಾಯಿ ಹಿಂದಿನಿಂದ "ಉಸಾರು ಕಣ್ರಪ್ಪ, ಉಸಾರು" ಎನ್ನುತ್ತಾ ಬಂದರು. ನರ್ಸ್ ಬಾಟಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಹೋದರು.

ಪಕ್ಕೆಲುಬಿನ ಅದೇ ಸಂದಿ. ಪೋರ್ಟಲ್ ನಾಳ ಮೊದಲಿಗಿಂತ ತುಂಬಿತ್ತು. ಅದರ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ. ಕೈ ಅಲುಗಿಸದೆ ಕಾದೆ. ಚುಕ್ಕೆ ಮಾಯವಾಯಿತು, ಮತ್ತೆ ಬಂತು, ನಾಡಿಯ ಲಯಕ್ಕೇ ಬಂತು. ಸದ್ದಿನ ಗುರುತನ್ನು ಅದರ ಮೇಲಿಟ್ಟೆ.

ಹುಷ್… ಹುಷ್… ಹುಷ್…

"ಅದೇನಾ?" ಅಕ್ಕ ಬಾಗಿಲಲ್ಲೇ ನಿಂತಿದ್ದರು.

"ಅದೇ. ಹರೀತಾ ಇದೆ."

ತಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಅಂಗಾರೆ ಊರಿಗೋಗನ ನಡೀರಿ," ಎಂದರು. ರೋಗಿ ಎದ್ದು ಕೂರಲು ಹೊರಟರು. ನಾನು ಭುಜ ಹಿಡಿದು ಮಲಗಿಸಿದೆ. ಮುಚ್ಚಿಲ್ಲ ಎಂಬುದು ಖಾತ್ರಿಯಾಗಿತ್ತು. ಅಲೆಯನ್ನು ನಿಲ್ಲಿಸಿ ನೋಡಿದೆ. ನೋಡುತ್ತಾ ನೋಡುತ್ತಾ ಸಂತೋಷ ಇಳಿಯಿತು.

ಅಪಧಮನಿಯ ಅಲೆ ಗೋಡೆ ಹತ್ತಿದಂತೆ ನೆಟ್ಟಗೆ ಏರಬೇಕು. ಇದು ಗುಡ್ಡ ಹತ್ತುವವರಂತೆ ಓರೆಯಾಗಿ, ನಿಧಾನವಾಗಿ ಏರುತ್ತಿತ್ತು. ತುದಿಯೂ ಚೂಪಿಲ್ಲ, ದುಂಡಗೆ. ರಕ್ತ ಎಲ್ಲೋ ಹಿಂದೆ ಒಂದು ಇಕ್ಕಟ್ಟಿನಲ್ಲಿ ನುಸುಳಿ ಬಂದರೆ ಅಲೆ ಹೀಗಾಗುತ್ತದೆ. ಕಸಿಯಲ್ಲಿ ಅಂಥ ಇಕ್ಕಟ್ಟು ಬರುವುದು ಸಾಮಾನ್ಯವಾಗಿ ಇಬ್ಬರ ಅಪಧಮನಿಗಳನ್ನು ಜೋಡಿಸಿದ ಹೊಲಿಗೆಯಲ್ಲಿ.

ಅಳೆಯಲು ಶುರುಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಚೀರಿ ಸತ್ತಿತು. ಕೊಠಡಿ ಪೂರ್ತಿ ಕತ್ತಲು. ಮಂಚ ಮತ್ತು ಗೋಡೆಯ ನಡುವೆ ನಾನು, ಕೈಯಲ್ಲಿ ಜೆಲ್ ಮೆತ್ತಿದ ಪ್ರೋಬ್, ಕುರುಡು ಪರದೆ. ನಾಲ್ವರು ಉಸಿರಾಡುವುದು ಕೇಳುತ್ತಿತ್ತು. ಜನರೇಟರ್ ಹತ್ತಿ, ಯಂತ್ರ ಎದ್ದು ತನ್ನ ಪರೀಕ್ಷೆಗಳನ್ನೆಲ್ಲ ಮುಗಿಸುವವರೆಗೆ ಹಾಗೇ ಕೂತಿದ್ದೆವು. ಉಳಿಸದ ಚಿತ್ರಗಳು ಹೋಗಿದ್ದವು. ಮೊದಲಿನಿಂದ ಹುಡುಕಿದೆ. ಈ ಸಲ ಲಿವರಿನ ಒಳಗಿನ ಎರಡು ಕವಲುಗಳಲ್ಲೂ ಅಳೆದೆ. ಎರಡರಲ್ಲೂ ಅದೇ ಓರೆ, ಅದೇ ದುಂಡು.

ಹಿರಿಯ ವೈದ್ಯರಿಗೂ ಕಸಿ ತಂಡದ ವೈದ್ಯೆಗೂ ಚಿತ್ರ ಕಳಿಸಿದೆ. ಕೂಡಲೇ ಹಿರಿಯ ವೈದ್ಯರ ಫೋನ್ ಬಂತು.

"ಇನ್ನೂ ಡ್ರಿಪ್ ಹೋಗ್ತಾ ಇದೆ. ಬಿ.ಪಿ. ಪೂರ್ತಿ ಏರಿಲ್ಲ. ಅದಕ್ಕೆ ಅಲೆ ಮಂದ ಇರಬಹುದು. ರಾತ್ರಿ ಮೇಲೇ ಇರಿಸ್ಕೊಂಡು ನಾಳೆ ನೋಡು. ಹರಿವು ಇದೆಯಲ್ಲ, ಇನ್ನೇನು ಬೇಕು?"

ಅವರ ಮಾತು ಅಸಂಬದ್ಧವಾಗಿರಲಿಲ್ಲ. ಹೊರಗೆ ಆಂಬುಲೆನ್ಸ್ ಬಂದು ನಿಂತ ಸದ್ದಾಯಿತು. ಅದನ್ನು ವಾಪಸ್ ಕಳಿಸಿದರೆ ಎಲ್ಲರೂ ನನ್ನನ್ನು ಹರಸುವವರೇ. ರೋಗಿಯನ್ನು ಅದರಲ್ಲಿ ಕಳಿಸಿ, ಬೆಂಗಳೂರಿನಲ್ಲಿ ಏನೂ ಇಲ್ಲವೆಂದಾದರೆ, ಒಣಗಿದ ಕಿಡ್ನಿಗೆ ಔಷಧಿಯ ಪೆಟ್ಟು ಕೊಡಿಸಿದವಳು ನಾನು. ನಾಳೆಯವರೆಗೆ ಕಾದರೆ ಆ ಇಕ್ಕಟ್ಟಿನಲ್ಲಿ ರಾತ್ರಿಯೇ ರಕ್ತ ನಿಲ್ಲಬಹುದು. ಪರದೆಯ ಮೇಲಿನ ಅಲೆಯನ್ನು ಇನ್ನೊಮ್ಮೆ ನೋಡಿದೆ. ಬಿ.ಪಿ. ತಗ್ಗಿದರೆ ಅಲೆ ಗಿಡ್ಡವಾಗುತ್ತದೆ, ನಿಜ. ಓರೆಯಾಗುವುದಕ್ಕೆ ಅದು ಸಾಲದು. ಒಂದು ವಾರದ ಹಿಂದೆ ಇದೇ ಸಂದಿಯಲ್ಲಿ ನಾನೇ ನೆಟ್ಟಗಿನ ಅಲೆಯನ್ನು ನೋಡಿದ್ದೆ.

"ಕಳಿಸ್ತೀನಿ ಸರ್," ಎಂದೆ.

ವೈದ್ಯೆ ಚಿತ್ರ ನೋಡಿ ಬರೆದದ್ದು ಒಂದೇ ಪದ: ಕಳಿಸು.

ತಾಯಿ ಬಾಗಿಲಿಗೆ ಅಡ್ಡ ನಿಂತರು. "ಅರೀತಾ ಅದೆ ಅಂದ್ರಲ್ಲ ಈಗ. ಮತ್ತೆ ಯಾಕೆ? ಇನ್ನೊಂದ್ಸಲ ಕುಯ್ಯಕ್ಕೆ ನಾ ಕಳ್ಸಕ್ಕಿಲ್ಲ. ನೀರ್ ತಾನೆ, ಕುಡುಸ್ತೀನಿ ಬುಡಿ. ಕಟ್ಟದೂ ಬ್ಯಾಡ, ಬುಟ್ಬುಡ್ತೀನಿ."

"ನೀರು ಕೊಟ್ಟಿದ್ದಕ್ಕೇ ಅಮ್ಮ ಕಾಣಿಸಿದ್ದು. ಕಾಣಿಸಿದ್ದಕ್ಕೇ ಗೊತ್ತಾಗಿದ್ದು. ದಾರಿ ಎಲ್ಲೋ ಕಿರಿದಾಗಿದೆ. ಅದನ್ನ ಇಲ್ಲಿ ಸರಿಮಾಡಕ್ಕಾಗಲ್ಲ."

"ಕಿರ್ದಾಗದೆ ಅಂತ ಕಣ್ಣಾರೆ ಕಂಡ್ರಾ?"

"ಇಲ್ಲ. ಆದರೆ ಕಿರಿದಾದ್ರೆ ಹೆಂಗೆ ಹರಿಯುತ್ತೋ ಹಂಗೆ ಹರೀತಿದೆ."

ಅವರು ಕದಲಲಿಲ್ಲ. ಆಗ ಅಕ್ಕ ತಲೆಯ ಸ್ಕಾರ್ಫ್ ಬಿಚ್ಚಿದರು. ಬೆವರಿಗೆ ಕೂದಲು ಕೆನ್ನೆಗೆ ಅಂಟಿತ್ತು.

"ಸರ್ಕೊಳವ್ವ."

"ನೀ ಸುಮ್ಕಿರು. ನಿಂಗೆ ಗಾಯ ಅಸಿ ಅದೆ."

"ಅದು ನನ್ ಒಟ್ಟೇದು ಕಣವ್ವ. ಇವ್ನೊಳುಗ್ ಇಟ್ಟಿವ್ರೆ ಅಷ್ಟೇಯ. ಅದಕ್ಕೇನಾಯ್ತು ಅಂತ ನಾ ನೋಡ್ಬೇಕು. ಗಾಡಿ ಅತ್ಲಾ ನೀನು, ಅತ್ತು." ಕೊನೆಯ ಮಾತು ತಮ್ಮನಿಗೆ.

"ಅತ್ತು ಅಂದ್ರೆ ಅತ್ತದಾ? ಈ ಬಾಟ್ಲಿ ಯಾರ್ ಇಡ್ಕತರೆ?" ಎಂದರು ತಮ್ಮ.

ತಾಯಿ ಸರಿದರು. ಸರಿದು, ಆ ಬಾಟಲಿಯನ್ನು ತಾವೇ ಹಿಡಿದುಕೊಂಡರು. ಮೂವರೂ ಆಂಬುಲೆನ್ಸ್ ಹತ್ತಿದರು.

ಬುಧವಾರ ಏನೂ ಸುದ್ದಿಯಿರಲಿಲ್ಲ. ಫೋನ್ ಮಾಡಬಾರದು, ಅವರ ಕೆಲಸ ಅವರು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಒಂದೊಂದು ಸ್ಕ್ಯಾನ್ ಮುಗಿದಾಗಲೂ ಜೆಲ್ ಮೆತ್ತಿದ ಕೈಯಲ್ಲೇ ಫೋನ್ ತೆಗೆದು ನೋಡುತ್ತಿದ್ದೆ. ಹಿರಿಯ ವೈದ್ಯರು ಬಂದಿದ್ದರು. ಆ ವಿಷಯ ಎತ್ತಲಿಲ್ಲ. ಮಧ್ಯಾಹ್ನ ಮಾತ್ರ ನನ್ನ ಪಕ್ಕ ಕೂತು, ಊಟದ ಡಬ್ಬಿ ತೆರೆದು, "ತಪ್ಪಾದ್ರೆ ಇಬ್ಬರ ತಪ್ಪು. ಬೋರ್ಡ್ ಮೇಲೆ ಹೆಸರು ನಂದಲ್ವಾ," ಎಂದರು. ನಾನೂ ನನ್ನ ಡಬ್ಬಿ ತೆರೆದೆ.

ಗುರುವಾರ ಬೆಳಿಗ್ಗೆ ವೈದ್ಯೆಯ ಫೋನ್ ಬಂತು. ಒಂದು ರಾತ್ರಿಯೆಲ್ಲ ನೀರು ತುಂಬಿಸಿ, ಗಂಟೆಗೊಮ್ಮೆ ಅಲ್ಲಿಯೇ ಡಾಪ್ಲರ್ ನೋಡುತ್ತಾ ಕಿಡ್ನಿ ತಡೆದುಕೊಳ್ಳುವಷ್ಟಾದ ಮೇಲೆ ಸಿ.ಟಿ. ಮಾಡಿದ್ದರು. ಹೆಪ್ಪು ಇರಲಿಲ್ಲ. ಹೊಲಿಗೆಯ ಜಾಗದಲ್ಲಿ ಅಪಧಮನಿ ದಾರದಷ್ಟು ಕಿರಿದಾಗಿತ್ತು. ತೊಡೆಯ ರಕ್ತನಾಳದಿಂದ ತಂತಿ ಹಾಯಿಸಿ, ಅಲ್ಲಿ ಬಲೂನು ಹಿಗ್ಗಿಸಿ ಸ್ಟೆಂಟ್ ಕೂರಿಸಿದ್ದರು. ಹೊಟ್ಟೆ ತೆರೆಯಲಿಲ್ಲ.

"ಬಟ್ಟೆ ಕಟ್ಟಿದ್ದು, ನೀರು ಕೊಡದೆ ಇದ್ದದ್ದು, ಅದು ಆ ಕಿರಿದಾದ ದಾರಿಯನ್ನ ಇನ್ನೂ ಕಟ್ಟಿಹಾಕಿತ್ತು," ಎಂದರು. ಆಮೇಲೆ, "ಈಗ ಅವರ ತಾಯಿ ವಾರ್ಡಲ್ಲಿ ಪಕ್ಕದ ಬೆಡ್ಡಿನವರಿಗೆಲ್ಲ ನೀರು ಕುಡಿಸ್ತಾ ಓಡಾಡ್ತಿದ್ದಾರೆ. ನರ್ಸುಗಳು ನನ್ನ ಹತ್ರ ದೂರು ತಂದಿದ್ದಾರೆ," ಎಂದು ನಕ್ಕರು.

ತಾಯಿ, ಮಕ್ಕಳು ಮತ್ತೆ ಹುಣಸೂರಿಗೆ ಬಂದಾಗ ಹೊಗೆಸೊಪ್ಪಿನ ಕಾಲ ಮುಗಿದು ಊರೂರಲ್ಲಿ ಸೊಪ್ಪು ಬೇಯಿಸುವ ಬ್ಯಾರನ್‌ಗಳು ಆರಿದ್ದವು. ರೋಗಿ ತಾವೇ ಮಗ್ಗುಲಾಗಿ ಕೈ ಎತ್ತಿ ಮಲಗಿದರು. ಹೊಟ್ಟೆಯ ಮೇಲೆ ಗಾಯದ ಗೆರೆ ಮಾತ್ರವಿತ್ತು. ಅಪಧಮನಿ ಕೂಡಲೇ ಸಿಕ್ಕಿತು. ಅಲೆ ನೆಟ್ಟಗೆ ಏರುತ್ತಿತ್ತು. ಅಕ್ಕನನ್ನು ಒಳಗೆ ಕರೆದು ತೋರಿಸಿದೆ. ಅವರು ಪರದೆಗೆ ಬೆರಳು ತಾಗಿಸುವಷ್ಟು ಬಗ್ಗಿ, "ನನ್ ಅತ್ರ ಇದ್ದಾಗ್ಲೂ ಇಂಗೇ ಸದ್ದು ಮಾಡ್ತಿತ್ತಾ ಇದು?" ಎಂದರು. ಹೌದೆಂದೆ.

ಇಬ್ಬರೂ ಹೊರಗೆ ಹೋದ ಮೇಲೆ ತಾಯಿ ಹಿಂದೆ ಉಳಿದರು. ಬಾಗಿಲನ್ನು ಅರ್ಧ ಮುಂದೆ ಮಾಡಿದರು.

"ಒಂದ್ ಮಾತ್ ಕೇಳ್ತೀನಿ. ಸುಳ್ಳ್ ಯೋಳ್ಬ್ಯಾಡಿ ಕಣವ್ವ. ನನ್ ಕೈಲೇ ಆಯ್ತಾ ಅದು?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಅವರ ಮುಖ ನೋಡಿದೆ. ಅವರು ಕೇಳುತ್ತಿದ್ದುದು ಸಮಾಧಾನವನ್ನಲ್ಲ.

"ಹೊಲಿಗೆ ಹತ್ರ ಕಿರಿದಾಗಿದ್ದು ನಿಮ್ಮ ಕೈಲಿ ಆಗಿದ್ದಲ್ಲಮ್ಮ. ಕೆಲವರಿಗೆ ಹಂಗಾಗುತ್ತೆ. ಆದರೆ ನೀರಿಲ್ಲದೆ ರಕ್ತ ಮಂದ ಆಗಿತ್ತು. ಇನ್ನೆರಡು ದಿನ ಹಂಗೇ ಇದ್ದಿದ್ರೆ ಆ ಜಾಗದಲ್ಲಿ ಹೆಪ್ಪುಗಟ್ತಿತ್ತೇನೋ. ಅಷ್ಟು ನಿಮ್ಮ ಕೈಲಿ ಆಗಿದ್ದು."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಸೆರಗು ಬಿಟ್ಟು ತಲೆಯೆತ್ತಿದರು.

"ಅಂಗಾರೆ ದಿನುಕ್ಕೆ ಎಷ್ಟ್ ಚೊಂಬು ಅಂತ ಯೋಳ್ಬುಡಿ," ಎಂದರು. "ಇಬ್ರಿಗೂ ಒಂದೇಯಾ, ಬ್ಯಾರೆ ಬ್ಯಾರೆಯಾ?"